ಕಾಣದ ಅಕ್ಷರದ ತಕರಾರು: ಕನ್ನಡ ಬ್ಲಾಗು ಬರೆಹ ಮತ್ತು ನಿಷ್ಠ ಬಳಕೆದಾರರ ಅಸಮಾಧಾನದ ಚರಿತ್ರೆ

ಸಾರಾಂಶ

ಶಿಷ್ಟ ಬರೆಹದ ಹೊರಗೆ ಉಳಿದಿದ್ದ ಕನ್ನಡದ ಹಲವು ಆಡುರೂಪಗಳನ್ನು ಆಡುವವರೇ ಅಕ್ಷರಕ್ಕಿಳಿಸಿದ್ದು ಬ್ಲಾಗುಗಳ ವಿಶೇಷ. ಆದರೆ ಆ ಬರೆಹದ ಉಳಿವು ಬರೆದವರ ಕೈಯಲ್ಲಿರಲಿಲ್ಲ. ಅದು ಬ್ಲಾಗುತಾಣಗಳ ತಾಂತ್ರಿಕ ನಿರ್ಧಾರಗಳಿಗೆ ಕಟ್ಟುಬಿದ್ದಿತ್ತು. ರಕಾರ–ಯಕಾರ ಸಂಯುಕ್ತದ ಎರಡು ಲಿಪಿರೂಪಗಳನ್ನು ಉದಾಹರಣೆಯಾಗಿಟ್ಟುಕೊಂಡು, ಒಂದೇ ತಾಣಕ್ಕೆ ಅಂಟಿಕೊಂಡ ಬಳಕೆದಾರರ ತಕರಾರುಗಳು ಭಾಷಾಚರಿತ್ರೆಗೆ ಆಕರಗಳಾಗುತ್ತವೆಯೆಂದೂ, ಪಠ್ಯಸಂಚಯಗಳನ್ನು ‘ಶುಚಿಗೊಳಿಸುವ’ ಮೊದಲು ಈ ಆಕರಗಳನ್ನು ಓದಬೇಕೆಂದೂ ಈ ಲೇಖನದಲ್ಲಿ ವಾದಿಸಲಾಗಿದೆ.

ಪ್ರಮುಖ ಪದಗಳು: ಬ್ಲಾಗು, ಲಿಪಿ ಸಂಕೇತೀಕರಣ, ಯೂನಿಕೋಡ್, ಅರ್ಕಾವತ್ತು, ಉತ್ತರ ಕರ್ನಾಟಕದ ಕನ್ನಡ, ಪಠ್ಯಸಂಚಯ, ಗ್ರಂಥಸಂಪಾದನೆ

1. ಪ್ರಸ್ತಾವನೆ

ನಮ್ಮ ಅಜ್ಜಿ ಧಾರವಾಡ ಸೀಮೆಯ ಹಳ್ಳಿಯೊಂದರವರು. ಸ್ನಾತಕೋತ್ತರ ವ್ಯಾಸಂಗದ ದಿನಗಳಲ್ಲಿ ರಜೆಗೆ ಊರಿಗೆ ಹೋದಾಗಲೆಲ್ಲ ನಾವು ಅವರ ಮಾತನ್ನು ಕೇಳಿದಂತೆಯೇ ಬರೆದುಕೊಂಡು, ಒಂದು ಬ್ಲಾಗಿನಲ್ಲಿ ಪ್ರಕಟಿಸುತ್ತಿದ್ದೆವು. ಹೀಗೆ ನಲವತ್ತೊಂದು ಬರೆಹಗಳಾದವು. ಧ್ವನಿಮುದ್ರಣ ಮಾಡಿಕೊಳ್ಳುವ ಮುಂದಾಲೋಚನೆ ಆಗ ನಮಗಿರಲಿಲ್ಲ. ಬರೆದದ್ದು ಅಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆಯಿತ್ತು. ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಉಪಭಾಷಾ ಪಠ್ಯಸಂಚಯವೊಂದಕ್ಕೆ ಸೇರಿಸುವ ಸಲುವಾಗಿ ಆ ಬರೆಹಗಳನ್ನು ಮತ್ತೆ ತೆರೆದು ನೋಡಿದಾಗ ಹೆಚ್ಚಿನವುಗಳಲ್ಲಿ ಒಂದು ಭೇದ ಅಳಿಸಿಹೋಗಿರುವುದು ಕಂಡಿತು.

‘ಕರೆಯಲಿಕ್ಕೆ’ ಎಂಬ ಅರ್ಥದಲ್ಲಿ ಅಜ್ಜಿ ಮೂರು ಬಗೆಯಾಗಿ ಹೇಳುತ್ತಿದ್ದರು. ನಿಧಾನವಾಗಿ ಆಡುವಾಗ ‘ಕರಿಯಾಕ’. ಮಾತು ಬಿರುಸಾದಂತೆ ನಡುವಣ ಇಕಾರ ಬಿದ್ದು, ರಕಾರದ ಬೆನ್ನಿಗೇ ಯಕಾರ ಸ್ಪಷ್ಟವಾಗಿ ಕೇಳುವ ‘ಕರ್ಯಾಕ’. ಮತ್ತೆ ಕೆಲವೊಮ್ಮೆ ಆ ಯಕಾರವೂ ಸ್ವರದಲ್ಲಿ ಕರಗಿ, ‘ಬ್ಯಾಂಕು’ ಎಂಬಲ್ಲಿ ಕೇಳುವ ವಿವೃತ ಅಗ್ರಸ್ವರವಷ್ಟೇ ಉಳಿದ ‘ಕರ‍್ಯಾಕ’. ಎರಡನೆಯದನ್ನು ನಾವು ಅರ್ಕಾವತ್ತಿನಿಂದಲೂ, ಮೂರನೆಯದನ್ನು ರಕಾರದ ಕೆಳಗೆ ಯ-ಒತ್ತು ಕೊಟ್ಟೂ ಬರೆದಿದ್ದೆವು. ಈಗ ತೆರೆಯ ಮೇಲೆ ಎಲ್ಲೆಡೆಯೂ ಅರ್ಕಾವತ್ತೇ ಇತ್ತು. ಮೂರು ಹಂತಗಳಲ್ಲಿ ಎರಡು ಒಂದಾಗಿದ್ದವು.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬ್ಲಾಗುತಾಣದವರು ಬರೆಹ ತಿದ್ದುವ ಪುಟವನ್ನು ನಡುವೆ ಒಮ್ಮೆ ಬದಲಿಸಿದ್ದರು. ಹಳೆಯ ಬರೆಹಗಳಿಗೆ ವಿಷಯಸೂಚಿಗಳನ್ನು ಹಚ್ಚುವುದಕ್ಕೆಂದು ನಾವೇ ಅವನ್ನು ಒಂದೊಂದಾಗಿ ತೆರೆದು ಮತ್ತೆ ಉಳಿಸಿದ್ದೆವು. ಹಾಗೆ ಉಳಿಸಿದಾಗಲೆಲ್ಲ ಆ ಪುಟವು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಕಸವೆಂದು ತೆಗೆದುಹಾಕಿತ್ತು. ನಾವು ಆ ತಾಣವನ್ನು ಬಿಟ್ಟಿರಲಿಲ್ಲ, ಬೇರೆಯದನ್ನು ಹುಡುಕಿರಲೂ ಇಲ್ಲ. ಅದರ ಬಗ್ಗೆ ಗೆಳೆಯರೊಡನೆ ಗೊಣಗುತ್ತಲೇ ಅದರಲ್ಲೇ ಬರೆಯುತ್ತಿದ್ದೆವು.

ಈ ಲೇಖನದ ಉದ್ದೇಶ ನಮ್ಮ ನಷ್ಟವನ್ನು ತೋಡಿಕೊಳ್ಳುವುದಲ್ಲ. ಇಂಥ ಅಸಮಾಧಾನಗಳಿಗೆ ಒಂದು ಚರಿತ್ರೆಯಿದೆ. ಆ ಚರಿತ್ರೆ ಕನ್ನಡ ಲಿಪಿಯ ಇತ್ತೀಚಿನ ಚರಿತ್ರೆಯೂ ಹೌದು ಎಂಬುದನ್ನು ತೋರಿಸುವುದು ಇಲ್ಲಿನ ಪ್ರಯತ್ನ.

2. ಪದ, ತಾಣ, ಒಡೆತನ

‘ವೆಬ್‌ಲಾಗ್’ ಎಂಬ ಪದವನ್ನು 1997ರ ಡಿಸೆಂಬರಿನಲ್ಲಿ ಬಳಕೆಗೆ ತಂದವರು ಅಮೆರಿಕದ ಜಾರ್ನ್ ಬಾರ್ಗರ್. 1999ರಲ್ಲಿ ಪೀಟರ್ ಮರ್ಹೋಲ್ಜ್ ಎಂಬವರು ಅದನ್ನು ತಮಾಷೆಗಾಗಿ ‘ವೀ ಬ್ಲಾಗ್’ ಎಂದು ಒಡೆದರು. ಪದದ ಗಡಿ ಒಂದು ವ್ಯಂಜನದಷ್ಟು ಹಿಂದೆ ಸರಿದು ‘ಬ್ಲಾಗ್’ ಎಂಬ ಹೊಸ ಪ್ರಕೃತಿ ಹುಟ್ಟಿತು. ಪುನರ್ವಿಶ್ಲೇಷಣೆಗೆ ತರಗತಿಯಲ್ಲಿ ಕೊಡಬಹುದಾದ ಇಷ್ಟು ಅಚ್ಚುಕಟ್ಟಾದ ಉದಾಹರಣೆಗಳು ವಿರಳ. 2004ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದನ್ನೇ ವರ್ಷದ ಪದವೆಂದು ಸಾರಿತು.

ಕನ್ನಡ ಈ ಪದವನ್ನು ತನ್ನ ರೂಢಿಯಂತೆಯೇ ಒಳಗೆ ಬಿಟ್ಟುಕೊಂಡಿತು. ವ್ಯಂಜನಾಂತ ಪ್ರಕೃತಿಗೆ ಉಕಾರ ಸೇರಿ ‘ಬ್ಲಾಗು’ ಆಯಿತು. ‘ಕನ್ನಡಿಗ’ದಲ್ಲಿರುವ ಪ್ರತ್ಯಯವೇ ಹತ್ತಿ ‘ಬ್ಲಾಗಿಗ’, ಎರವಲು ಧಾತುಗಳಿಗೆ ಹತ್ತುವ ‘ಇಸು’ ಸೇರಿ ‘ಬ್ಲಾಗಿಸು’ ಬಂದವು. ಪದವನ್ನು ನಮ್ಮದಾಗಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ತಾಣದ ಸಂಗತಿ ಹಾಗಿರಲಿಲ್ಲ.

1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ ಬ್ಲಾಗರ್ ತಾಣವನ್ನು ಆರಂಭಿಸಿತು. 2003ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ವರ್ಡ್‌ಪ್ರೆಸ್ ತಂತ್ರಾಂಶವನ್ನು ಹೊರತಂದರು. ಅದು ಬಿ2 ಎಂಬ ಹಳೆಯ ಮುಕ್ತ ತಂತ್ರಾಂಶದಿಂದ ಕವಲೊಡೆದದ್ದು. ಆಗಿನ ಕಾಲದ ಇನ್ನೊಂದು ತಾಣ ಲೈವ್‌ಜರ್ನಲ್. 1999ರಲ್ಲಿ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಕಟ್ಟಿದರು. 2005ರಲ್ಲಿ ಸಿಕ್ಸ್ ಅಪಾರ್ಟ್ ಸಂಸ್ಥೆಗೆ, 2007ರ ಕೊನೆಗೆ ರಷ್ಯಾದ ಸೂಪ್ ಸಂಸ್ಥೆಗೆ ಅದು ಕೈಬದಲಾಯಿತು. ರಷ್ಯನ್ ಬಳಕೆದಾರರು ಅದರ ಹೆಸರನ್ನು ‘ಝಿವೊಯ್ ಝುರ್ನಾಲ್’ ಎಂದು ಅನುವಾದಿಸಿಕೊಂಡು, ಮೊದಲಕ್ಷರಗಳನ್ನಷ್ಟೇ ಹಿಡಿದು ‘ಝೆಝೆ’ ಎಂದು ಕರೆದರು. ಹೊಸ ಒಡೆಯರನ್ನು ಒಪ್ಪದ ಕೆಲವು ಹಳಬರು 2009ರಲ್ಲಿ ಅದೇ ತಂತ್ರಾಂಶವನ್ನು ಆಧರಿಸಿದ ಡ್ರೀಮ್‌ವಿಡ್ತ್ ತಾಣವನ್ನು ತೆರೆದರು. ಹೆಚ್ಚಿನವರಿಗೆ ಹಾಗೆ ಹೊರಡುವುದು ಆಗುತ್ತಿರಲಿಲ್ಲ. 2009ರ ಅಕ್ಟೋಬರಿನಲ್ಲಿ ಯಾಹೂ ತನ್ನ ಜಿಯೋಸಿಟೀಸನ್ನೂ, 2013ರ ಏಪ್ರಿಲಿನಲ್ಲಿ ಟ್ವಿಟರ್ ತಾನು ಕೊಂಡಿದ್ದ ಪೋಸ್ಟರಸ್ಸನ್ನೂ ಮುಚ್ಚಿದವು. ಬರೆದವರಿಗೆ ಸಿಕ್ಕಿದ್ದು ಒಂದು ಗಡುವು ಮಾತ್ರ.

ಕನ್ನಡದ ‘ತಕರಾರು’ ಅರಬ್ಬೀ ಮೂಲದ್ದು. ಮೂಲದಲ್ಲಿ ಅದರ ಅರ್ಥ ಪುನರಾವೃತ್ತಿ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಿಷ್ಠ ಬಳಕೆದಾರರ ಅಸಮಾಧಾನಕ್ಕೆ ಈ ಹಳೆಯ ಅರ್ಥ ಚೆನ್ನಾಗಿ ಒಪ್ಪುತ್ತದೆ. ಬಿಟ್ಟುಹೋಗುವವರು ಒಂದು ಸಲ ಹೇಳಿ ಹೋಗುತ್ತಾರೆ. ಉಳಿಯುವವರು ಅದನ್ನೇ ಹಲವು ಸಲ ಹೇಳುತ್ತಾರೆ. ಹೀಗೆ ಮತ್ತೆ ಮತ್ತೆ ಹೇಳಿದ್ದರಿಂದಲೇ ಅದು ಚರಿತ್ರಕಾರರಿಗೆ ದೊರಕುವ ಆಕರವಾಗುತ್ತದೆ.

3. ಬ್ಲಾಗಿಗೆ ಮುನ್ನ: ತುಣುಕುಗಳಿಂದ ಅಕ್ಷರಕ್ಕೆ

ಕನ್ನಡ ಬ್ಲಾಗಿಗರ ತಕರಾರುಗಳು ಅರ್ಥವಾಗಬೇಕಾದರೆ ಅವರು ಯಾವ ದಾರಿಯಿಂದ ಬಂದರೆಂಬುದನ್ನು ನೋಡಬೇಕು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಸಂಕೇತವ್ಯವಸ್ಥೆ 1988ರಲ್ಲಿ ರೂಪುಗೊಂಡು, 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯು ಇಸ್ಕಿಯ 1988ರ ಜೋಡಣೆಯನ್ನೇ ಅನುಸರಿಸಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಈ ಎರಡೂ ವ್ಯವಸ್ಥೆಗಳಲ್ಲಿ ಸಂಕೇತ ಇರುವುದು ಅಕ್ಷರಕ್ಕೆ. ಅಕ್ಷರದ ಆಕಾರವನ್ನು ಕಟ್ಟುವ ಹೊಣೆ ಯಂತ್ರದ್ದು.

ಆದರೆ ಜನಸಾಮಾನ್ಯರ ಗಣಕಗಳಿಗೆ ಆ ಸಾಮರ್ಥ್ಯ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಕನ್ನಡಿಗರು ಬೇರೊಂದು ದಾರಿ ಕಂಡುಕೊಂಡಿದ್ದರು. ಅಕ್ಷರಗಳನ್ನು ತುಣುಕುಗಳಾಗಿ ಕತ್ತರಿಸಿ, ಒತ್ತು, ಕೊಂಬು, ದೀರ್ಘಗಳನ್ನೆಲ್ಲ ರೋಮನ್ ಚಿಹ್ನೆಗಳ ಸ್ಥಾನದಲ್ಲಿ ಕೂರಿಸುವ ಫಾಂಟುಗಳು ಬಂದವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಈ ದಾರಿಯವು. ಅಚ್ಚಿನ ತಂತ್ರಜ್ಞಾನದಲ್ಲಿ ಪಳಗಿದ್ದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಾಡಿನ ಕಚೇರಿಗಳಲ್ಲಿ ನೆಲೆಯೂರಿತು. 1996ರಲ್ಲೇ ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಶುರುವಾಗಿತ್ತು. ಓದುಗರ ಗಣಕದಲ್ಲಿ ತಕ್ಕ ಫಾಂಟು ಇಲ್ಲದಿದ್ದರೆ ಇಂಥ ಬರೆಹ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಅದು ಆ ಕಾಲದ ದೊಡ್ಡ ತಕರಾರು.

2001ರ ವಿಂಡೋಸ್ ಎಕ್ಸ್‌ಪಿ ‘ತುಂಗ’ ಫಾಂಟಿನೊಡನೆ ಕನ್ನಡದ ಯೂನಿಕೋಡನ್ನು ಮನೆಮನೆಗೆ ತಂದಿತು. ಅಲ್ಲಿಯೂ ಒಂದು ತೊಡಕಿತ್ತು: ಸಂಕೀರ್ಣ ಲಿಪಿಗಳ ಆಯ್ಕೆಯನ್ನು ಬಳಕೆದಾರರೇ ಗುರುತುಹಾಕಿ, ಸಿಡಿ ತುರುಕಿ, ಗಣಕವನ್ನು ಮತ್ತೆ ಚಾಲೂ ಮಾಡಬೇಕಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಸಮುದಾಯ ತಾಣ ಆರಂಭವಾದವು. ಮುಂದಿನ ಐದಾರು ವರ್ಷ ಕನ್ನಡ ಬ್ಲಾಗುಗಳ ಸುಗ್ಗಿಯ ಕಾಲ.

ಈ ಬದಲಾವಣೆಯನ್ನು ಮುನ್ನಡೆಯೆಂದೇ ನಾವೆಲ್ಲ ಹೇಳುತ್ತ ಬಂದಿದ್ದೇವೆ; ಅದು ಸರಿಯೂ ಹೌದು. ಆದರೆ ನಮ್ಮ ವಾದಕ್ಕೆ ಬೇಕಾದ ಒಂದು ಅಂಶ ಇದರಲ್ಲಿ ಅಡಗಿದೆ. ಹಳೆಯ ತುಣುಕು-ಫಾಂಟುಗಳಲ್ಲಿ ಯಕಾರದ ಪಕ್ಕಕ್ಕೆ ಬರುವ ಅರ್ಕಾವತ್ತಿಗೂ ರಕಾರದ ಕೆಳಗಿನ ಯ-ಒತ್ತಿಗೂ ಬೇರೆ ಬೇರೆ ಸಂಕೇತಗಳಿದ್ದವು. ಕಣ್ಣಿಗೆ ಎರಡಾಗಿ ಕಂಡದ್ದು ಕಡತದಲ್ಲೂ ಎರಡಾಗಿಯೇ ಇತ್ತು. ಯೂನಿಕೋಡಿನಲ್ಲಿ ಹಾಗಲ್ಲ.

4. ರಕಾರಕ್ಕಿರುವ ಎರಡು ರೂಪ

ಕನ್ನಡದಲ್ಲಿ ರಕಾರ ಮೊದಲಾಗಿರುವ ಸಂಯುಕ್ತಾಕ್ಷರವನ್ನು ಎರಡು ಬಗೆಯಾಗಿ ಬರೆಯಬಹುದು. ‘ಸೂರ್ಯ’ ಎಂಬುದನ್ನು ಅರ್ಕಾವತ್ತಿನಿಂದ ಬರೆಯುವುದುಂಟು. ‘ಸೂರ‍್ಯ’ ಎಂದು ರಕಾರವನ್ನು ಪೂರ್ಣವಾಗಿಟ್ಟು ಕೆಳಗೆ ಒತ್ತು ಕೊಡುವುದೂ ಉಂಟು. ಸಂಸ್ಕೃತಮೂಲದ ಪದಗಳಲ್ಲಿ ಇವು ಒಂದೇ ಉಚ್ಚಾರದ ಎರಡು ಲಿಪಿರೂಪಗಳು ಮಾತ್ರ. ಆದ್ದರಿಂದ ವ್ಯಾಕರಣಗಳು ಇದನ್ನು ಬರವಣಿಗೆಯ ರೂಢಿಯೆಂದು ಬಿಟ್ಟುಬಿಟ್ಟರೆ ಆಶ್ಚರ್ಯವಿಲ್ಲ.

ಆಡುಮಾತಿನ ವಿವೃತ ಅಗ್ರಸ್ವರಕ್ಕೆ ಬಂದಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. ‘ಬೇಡ’ವು ‘ಬ್ಯಾಡ’ವಾಗಿ, ‘ಪೇಟೆ’ಯು ‘ಪ್ಯಾಟಿ’ಯಾಗಿ ಕೇಳುವ ಉತ್ತರ ಕರ್ನಾಟಕದ ಮಾತಿನಲ್ಲಿ ಈ ಸ್ವರ ಎಲ್ಲೆಲ್ಲೂ ಇದೆ. ಇದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಯ-ಒತ್ತು ಮತ್ತು ದೀರ್ಘ ಸೇರಿಸಿ ಬರೆಯುವುದು ರೂಢಿ. ಇದರಿಂದ ‘ವ್ಯಾಪಾರ’ ಎಂದು ಬರೆದದ್ದನ್ನು ಯಕಾರ ಕೇಳುವಂತೆಯೂ ಓದಬಹುದು, ವಿವೃತ ಸ್ವರದಿಂದಲೂ ಓದಬಹುದು. ಬರೆಹ ಆ ಭೇದವನ್ನು ಕಾಣಿಸುವುದಿಲ್ಲ.

ಉಳಿದ ವ್ಯಂಜನಗಳಲ್ಲಿ ಇಲ್ಲದ ಅವಕಾಶವೊಂದು ರಕಾರದಲ್ಲಿದೆ. ಅದಕ್ಕೆ ಎರಡು ಲಿಪಿರೂಪಗಳಿರುವುದರಿಂದ ಒಂದನ್ನು ಯಕಾರ ಉಳಿದ ಉಚ್ಚಾರಕ್ಕೆ, ಇನ್ನೊಂದನ್ನು ಯಕಾರ ಕರಗಿದ ಉಚ್ಚಾರಕ್ಕೆ ಹಂಚಿಕೊಳ್ಳಬಹುದು. ‘ಕಾರ್ಯಾಲಯ’, ‘ಪರ್ಯಾಯ’ಗಳಲ್ಲಿ ಅರ್ಕಾವತ್ತನ್ನೂ, ‘ರ‍್ಯಾಂಕು’, ‘ರ‍್ಯಾಲಿ’ಗಳಲ್ಲಿ ಪೂರ್ಣ ರಕಾರವನ್ನೂ ಬಳಸುವ ಅನೇಕರು ಈ ಹಂಚಿಕೆಯನ್ನು ಹೆಸರಿಸದೆಯೇ ಪಾಲಿಸುತ್ತಿದ್ದಾರೆ. ನಾವು ಅಜ್ಜಿಯ ಮಾತಿಗೆ ಅಳವಡಿಸಿದ್ದು ಇದನ್ನೇ. ಪದಾದಿಯಲ್ಲಿ ಈ ಭೇದ ಅಳಿದರೂ ಓದುಗರು ಊಹಿಸಿಕೊಂಡಾರು. ಪದಮಧ್ಯದಲ್ಲಿ, ‘ಕರ್ಯಾಕ–ಕರ‍್ಯಾಕ’, ‘ಹರ್ಯಾಕ–ಹರ‍್ಯಾಕ’ಗಳಂಥ ಜೋಡಿಗಳಲ್ಲಿ, ಊಹೆಗೆ ಆಧಾರವೇ ಇರುವುದಿಲ್ಲ. ಸ್ವರಲೋಪ ಮೊದಲಾಗಿ ಯಕಾರ ಆಮೇಲೆ ಕರಗುತ್ತದೆಯೇ, ಎರಡೂ ಒಟ್ಟಿಗೇ ನಡೆಯುತ್ತವೆಯೇ ಎಂಬ ಪ್ರಶ್ನೆಗೆ ಒಬ್ಬರದೇ ಮಾತಿನಲ್ಲಿ ಮೂರೂ ಹಂತಗಳು ಸಿಕ್ಕುವುದು ಬೆಲೆಯುಳ್ಳ ಸಾಕ್ಷ್ಯ. ನಾವು ಕಳೆದುಕೊಂಡದ್ದು ಇದನ್ನು.

ಯೂನಿಕೋಡಿನಲ್ಲಿ ರಕಾರ, ವಿರಾಮಚಿಹ್ನೆ, ಯಕಾರ ಈ ಕ್ರಮದಲ್ಲಿ ಬಂದರೆ ಯಂತ್ರ ಅರ್ಕಾವತ್ತನ್ನು ಮೂಡಿಸುತ್ತದೆ. ಪೂರ್ಣ ರಕಾರ ಬೇಕೆಂದರೆ ರಕಾರಕ್ಕೂ ವಿರಾಮಚಿಹ್ನೆಗೂ ನಡುವೆ ಶೂನ್ಯ ಅಗಲದ ಜೋಡಕವೊಂದನ್ನು ಇಡಬೇಕು. ಇದರ ಜೊತೆಯದು ಶೂನ್ಯ ಅಗಲದ ಬೇರ್ಪಡಕ. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಇವೆರಡಕ್ಕೂ ರೂಪವಿಲ್ಲ, ಅಗಲವಿಲ್ಲ. ಯೂನಿಕೋಡಿನ ಅಕಾರಾದಿ ಜೋಡಣೆಯ ನಿಯಮದಲ್ಲಿ ಇವು ಲೆಕ್ಕಕ್ಕೇ ಬರುವುದಿಲ್ಲ. ಕಾಣದ್ದು, ಎಣಿಕೆಗೆ ಬಾರದ್ದು ಬೇಡದ್ದೂ ಹೌದೆಂದು ತಂತ್ರಾಂಶ ಬರೆಯುವವರಿಗೆ ತೋರುವುದು ಸಹಜ. ಇಂಗ್ಲಿಷಿನ ಮಟ್ಟಿಗೆ ಅದು ನಿಜವೂ ಹೌದು. ಕನ್ನಡದಲ್ಲಿ ಒಂದು ಧ್ವನಿಭೇದದ ಭಾರವೆಲ್ಲ ಆ ಕಾಣದ ಸಂಕೇತದ ಮೇಲೆ ಬಿದ್ದಿದೆ.

5. ತಕರಾರುಗಳು ಉಳಿಸಿದ ಗುರುತುಗಳು

ಬ್ಲಾಗಿಗರ ತಕರಾರುಗಳೆಲ್ಲ ನಷ್ಟದ ಕಥೆಗಳಲ್ಲ. ತೊಡಕನ್ನು ದಾಟಲು ಅವರು ಹೂಡಿದ ಉಪಾಯಗಳು ಹೊಸ ಆಕರಗಳನ್ನೂ ಸೃಷ್ಟಿಸಿದವು. ಇಲ್ಲಿ ಎರಡನ್ನು ನೋಡಬಹುದು.

ಮೊದಲನೆಯದು ವಿಳಾಸದ್ದು. ತಲೆಬರೆಹದಿಂದ ಪುಟದ ವಿಳಾಸವನ್ನು ತಾನಾಗಿ ರೂಪಿಸುವ ತಾಣಗಳಲ್ಲಿ ಕೆಲವು ರೋಮನ್ ಲಿಪಿಯನ್ನಷ್ಟೇ ಗುರುತಿಸುತ್ತಿದ್ದವು. ಕನ್ನಡದ ತಲೆಬರೆಹ ಕೊಟ್ಟರೆ ವಿಳಾಸದಲ್ಲಿ ಅದರ ಸುಳಿವೇ ಇರದೆ ಬರಿಯ ಕ್ರಮಸಂಖ್ಯೆ ಬರುತ್ತಿತ್ತು. ಅನುಭವಸ್ಥ ಬ್ಲಾಗಿಗರು ಮೊದಲು ತಲೆಬರೆಹವನ್ನು ರೋಮನ್ ಲಿಪಿಯಲ್ಲಿ ಬರೆದು ಪ್ರಕಟಿಸಿ, ವಿಳಾಸ ನಿಂತ ಮೇಲೆ ಅದನ್ನು ಕನ್ನಡಕ್ಕೆ ತಿದ್ದುತ್ತಿದ್ದರು. ಓದುಗರಿಗೆ ಕನ್ನಡವೇ ಕಂಡರೂ ವಿಳಾಸದಲ್ಲಿ ಆ ರೋಮನ್ ರೂಪ ಉಳಿದುಬಿಟ್ಟಿತು. ಹೀಗೆ, ಯಾವ ಲಿಪ್ಯಂತರಣ ನಿಯಮವನ್ನೂ ಕಲಿಯದ ಕನ್ನಡಿಗರು ತಮ್ಮ ಪದಗಳನ್ನು ರೋಮನ್ನಿಗೆ ಹೇಗೆ ಇಳಿಸುತ್ತಾರೆಂಬುದಕ್ಕೆ ದಿನಾಂಕಸಹಿತವಾದ ದಾಖಲೆ ಸಿಕ್ಕಿದೆ. ದಂತ್ಯ ತಕಾರಕ್ಕೆ ಟಿ ಒಂದನ್ನೇ ಬಳಸಿದವರು ಯಾರು, ಮುಂದೆ ಎಚ್ ಸೇರಿಸಿದವರು ಯಾರು. ಲಕಾರ–ಳಕಾರಗಳ, ಹ್ರಸ್ವ–ದೀರ್ಘಗಳ ಭೇದವನ್ನು ಯಾರು ತೋರಿಸಿದರು, ಯಾರು ಬಿಟ್ಟರು ಎಂಬುದೆಲ್ಲ ಅಲ್ಲಿದೆ. ಸಂಶೋಧಕರು ಸಾಮಾನ್ಯವಾಗಿ ಪುಟದ ಒಡಲನ್ನು ಸಂಗ್ರಹಿಸಿ ವಿಳಾಸವನ್ನು ಎಸೆಯುತ್ತಾರೆ.

ಎರಡನೆಯದು ಹುಡುಕಾಟದ್ದು. ಒಂದೇ ಪದವನ್ನು ಒಬ್ಬರು ಬೇರ್ಪಡಕದೊಡನೆ, ಇನ್ನೊಬ್ಬರು ಅದಿಲ್ಲದೆ ಬರೆದರೆ, ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಹುಡುಕುಯಂತ್ರಕ್ಕೆ ಅವು ಎರಡು ಪದಗಳು. ಇದರಿಂದ ಬೇಸತ್ತವರಲ್ಲಿ ಕೆಲವರು ‘ಸಾಫ್ಟ್ ವೇರ್’ ಎಂದು ನಡುವೆ ತೆರಪು ಬಿಟ್ಟರು. ಕೆಲವರು ‘ಸಾಫ್ಟುವೇರು’ ಎಂದು ಉಕಾರ ಸೇರಿಸಿ ತೊಡಕನ್ನೇ ಇಲ್ಲವಾಗಿಸಿದರು. ಎರವಲು ಪದಗಳ ಕನ್ನಡೀಕರಣದಲ್ಲಿ ಉಕಾರಾಂತ ರೂಪಗಳನ್ನು ಕಂಡಾಗ ನಾವು ಧ್ವನಿನಿಯಮವನ್ನೇ ಕಾರಣವಾಗಿ ಹೇಳುತ್ತೇವೆ. ಆ ಕಾಲದ ಬ್ಲಾಗು ಪಠ್ಯದ ಮಟ್ಟಿಗೆ ಕೀಲಿಮಣೆಯೂ ಒಂದು ಕಾರಣವಾಗಿದ್ದಿರಬಹುದೆಂಬ ಸಾಧ್ಯತೆಯನ್ನು ಪರಿಶೀಲಿಸದೆ ಆ ನಿರ್ಣಯಕ್ಕೆ ಬರಲಾಗದು.

1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗ ಮೊದಲಾದ ಕನ್ನಡಗಳ ವರ್ಣನೆಗಳನ್ನು ಪ್ರಕಟಿಸಿತು. ಅಲ್ಲಿ ಆಡುವವರು ಬೇರೆ, ಧ್ವನಿಲಿಪಿಯಲ್ಲಿ ಬರೆದುಕೊಂಡ ವಿದ್ವಾಂಸರು ಬೇರೆ. ಬ್ಲಾಗುಗಳಲ್ಲಿ ಆಡುವವರೇ ತಮ್ಮ ಮಾತಿಗೆ ಕನ್ನಡ ಅಕ್ಷರಗಳನ್ನು ಒಗ್ಗಿಸಿದರು. ತಮ್ಮ ಕಿವಿಗೆ ಯಾವ ಭೇದ ಮುಖ್ಯವೆನಿಸಿತೋ ಅದಕ್ಕೆ ಅಕ್ಷರ ಹುಡುಕಿದರು. ಧ್ವನಿಲಿಪಿಯ ನಿಖರತೆ ಅದರಲ್ಲಿಲ್ಲ. ಆದರೆ ಆಡುವವರ ಭಾಷಾಪ್ರಜ್ಞೆಯನ್ನು ಅದು ತೋರುವಷ್ಟು ಧ್ವನಿಲಿಪಿ ತೋರದು.

6. ಲಿಪಿಕಾರ, ಮೊಳೆ, ತಾಣ

ಬರೆಹದ ಸಾಧನ ಬರೆಹವನ್ನು ಕದಲಿಸುವುದು ಹೊಸತಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಎಕಾರ–ಏಕಾರ, ಒಕಾರ–ಓಕಾರಗಳ ಭೇದವನ್ನು ಲಿಪಿ ಸಾಮಾನ್ಯವಾಗಿ ತೋರುವುದಿಲ್ಲ, ಓದುವವರೇ ತಿಳಿದುಕೊಳ್ಳಬೇಕು. ಓಲೆಗರಿಯ ಲಿಪಿಕಾರ ತನಗೆ ಅಪರಿಚಿತವಾದ ರೂಪವನ್ನು ಪರಿಚಿತ ರೂಪಕ್ಕೆ ತಿದ್ದಿಬಿಡುತ್ತಾನೆ. ಅಚ್ಚುಮನೆಯವನು ತನ್ನಲ್ಲಿರುವ ಮೊಳೆಗಳಿಗೆ ತಕ್ಕಂತೆ ಜೋಡಿಸುತ್ತಾನೆ. ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಗ್ರಂಥಸಂಪಾದನೆ ಒಂದು ಶಾಸ್ತ್ರವಾಗಿ ಬೆಳೆದಿದೆ.

ಯೂನಿಕೋಡಿನೊಳಗೇ ಇಂಥ ಲಿಪಿಕಾರದೋಷವೊಂದು ಶಾಶ್ವತವಾಗಿ ಕೂತಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ಕೊಟ್ಟಿರುವ ಹೆಸರು ‘ಕನ್ನಡ ಲೆಟರ್ ಫಾ’. ಆ ಅಕ್ಷರಕ್ಕೂ ಫಕಾರಕ್ಕೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಸ್ಥಿರತಾ ನಿಯಮ ಇರುವುದರಿಂದ ತಪ್ಪನ್ನು ತಿದ್ದುವಂತಿಲ್ಲ. ಸರಿಯಾದ ಹೆಸರನ್ನು ಅಧಿಕೃತ ಉಪನಾಮವಾಗಿ ಸೇರಿಸಲಾಗಿದೆ ಅಷ್ಟೆ. ಈ ನಿಯಮವನ್ನು ನಾವು ಹಳಿಯುವುದಿಲ್ಲ. ತಪ್ಪು ಹೆಸರು ಉಳಿದರೂ ಹಳೆಯ ಕಡತಗಳು ಕೆಡುವುದಿಲ್ಲವೆಂಬ ಖಾತ್ರಿ ಅದರಲ್ಲಿದೆ. ಸಂಕೇತವ್ಯವಸ್ಥೆ ತಾನು ಸ್ಥಿರವಾಗಿರುತ್ತೇನೆಂದು ಮಾತು ಕೊಟ್ಟಿದೆ. ಬ್ಲಾಗುತಾಣಗಳು ಅಂಥ ಮಾತನ್ನು ಎಂದೂ ಕೊಡಲಿಲ್ಲ. ಬಳಕೆದಾರರು ಕೊಟ್ಟಿವೆಯೆಂದು ಭಾವಿಸಿಕೊಂಡರು. ನಿಷ್ಠ ಬಳಕೆದಾರರ ಅಸಮಾಧಾನದ ಬೇರು ಇರುವುದು ಇಲ್ಲಿ.

ಓಲೆಗರಿಗೂ ಬ್ಲಾಗಿಗೂ ಒಂದು ವ್ಯತ್ಯಾಸವುಂಟು. ಲಿಪಿಕಾರ ತಿದ್ದಿದರೂ ಅವನೆದುರಿನ ಮಾತೃಕೆ ಬೇರೆಯಾಗಿ ಉಳಿಯುವ ಸಂಭವವಿತ್ತು. ಬ್ಲಾಗಿನಲ್ಲಿ ತಿದ್ದುಪಡಿ ಮಾತೃಕೆಯ ಮೇಲೆಯೇ ನಡೆಯುತ್ತದೆ, ದಿನಾಂಕ ಮಾತ್ರ ಹಳೆಯದೇ ಇರುತ್ತದೆ. 2010ರ ಬರೆಹವೆಂದು ನಾವು ಉದಾಹರಿಸುವ ಪಠ್ಯ ಆಮೇಲಿನ ಯಂತ್ರವೊಂದು ಕಟ್ಟಿದ್ದಾಗಿರಬಹುದು.

ಆದ್ದರಿಂದ ಬ್ಲಾಗು ಪಠ್ಯಗಳಿಂದ ಸಂಚಯ ಕಟ್ಟುವವರಿಗೆ ನಾಲ್ಕು ಸೂಚನೆಗಳನ್ನು ಮುಂದಿಡುತ್ತೇವೆ. ಒಂದು, ಶುಚಿಗೊಳಿಸುವ ಮೊದಲಿನ ಕಡತವನ್ನು ಇದ್ದಂತೆಯೇ ಪ್ರತ್ಯೇಕವಾಗಿ ಉಳಿಸಬೇ‌ಕು. ಜೋಡಕ–ಬೇರ್ಪಡಕಗಳನ್ನು ತೆಗೆಯುವುದು ಈಗ ವಾಡಿಕೆಯ ಮೊದಲ ಹೆಜ್ಜೆಯಾಗಿರುವುದರಿಂದ ಇದು ಅತ್ಯಗತ್ಯ. ಎರಡು, ಪ್ರಕಟವಾದ ದಿನಾಂಕದೊಡನೆ ಕೊನೆಯ ಸಲ ತಿದ್ದಿದ ದಿನಾಂಕವನ್ನೂ, ತಾಣವನ್ನೂ, ವಿಳಾಸವನ್ನೂ ದಾಖಲಿಸಬೇಕು. ಮೂರು, ಒಂದೇ ಬರೆಹದ ಬೇರೆ ಪ್ರತಿಗಳಿದ್ದರೆ ಅವನ್ನು ನಕಲೆಂದು ಕಳೆಯದೆ ಪಾಠಾಂತರಗಳೆಂದು ಇಟ್ಟುಕೊಳ್ಳಬೇಕು. ನಾಲ್ಕು, ಬರೆದವರು ನಮ್ಮೊಡನೆ ಇರುವಾಗಲೇ ಅವರ ಒಪ್ಪಿಗೆ ಪಡೆದು, ಯಾವ ಕೀಲಿಮಣೆಯಿಂದ, ಯಾವ ಕ್ರಮದಲ್ಲಿ ಬರೆದಿರೆಂದು ಕೇಳಬೇಕು. ಪಂಪನನ್ನು ಕೇಳಲಾಗದು, 2008ರ ಬ್ಲಾಗಿಗರನ್ನು ಇನ್ನೂ ಕೇಳಬಹುದು.

7. ಮುಕ್ತಾಯ

ನಲವತ್ತೊಂದು ಬರೆಹಗಳಲ್ಲಿ ಒಂಬತ್ತನ್ನು ನಾವು ವಿಷಯಸೂಚಿ ಹಚ್ಚುವಾಗ ಮರೆತಿದ್ದೆವು. ಅವು ಮೊದಲು ಬರೆದಂತೆಯೇ ಇವೆ. ಇಷ್ಟವಾದುವನ್ನು, ಮತ್ತೆ ಮತ್ತೆ ಓದಿ ಒಪ್ಪಮಾಡಿದ್ದನ್ನು ನಮ್ಮ ಕೈಯೇ ಕೆಡಿಸಿತು.

ಇನ್ನು ಕೆಲವು ಬೇರೊಂದು ದಾರಿಯಿಂದ ಬಂದವು. ಹೊಸ ಬರೆಹ ಪ್ರಕಟವಾದೊಡನೆ ಅದನ್ನು ಓದುಗರಿಗೆ ಮಿಂಚಂಚೆಯಲ್ಲಿ ತಲುಪಿಸುವ ಸೌಲಭ್ಯ ಆ ತಾಣದಲ್ಲಿತ್ತು. ಗದಗಿನ ಹಿರಿಯ ಓದುಗರೊಬ್ಬರು ಆಗಾಗ ‘ನಮ್ಮ ಕಡೆ ಹಿಂಗ ಅನ್ನೂದಿಲ್ರಿ’ ಎಂದು ಪ್ರತಿಕ್ರಿಯೆ ಬರೆದು ನಮ್ಮನ್ನು ತಿದ್ದುತ್ತಿದ್ದರು. ಅವರನ್ನು ವಿಚಾರಿಸಿದಾಗ, ಹಳೆಯ ಅಂಚೆಗಳಲ್ಲಿ ಆರನ್ನು ಹುಡುಕಿ ಕಳಿಸಿದರು. ಪ್ರಕಟವಾದ ದಿನದ ಪಾಠ ಅವುಗಳಲ್ಲಿ ಹಾಗೆಯೇ ಇತ್ತು, ಕಾಣದ ಜೋಡಕದ ಸಮೇತ. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ, ಕಳೆದ ಮಾತೃಕೆಯ ಆರು ಪ್ರತಿಗಳು ಒಬ್ಬ ಓದುಗರ ಮನೆಯಲ್ಲಿ ಸಿಕ್ಕವು. ತಾಣವನ್ನು ಬಿಟ್ಟು ಏಕೆ ಹೊರಡಲಿಲ್ಲವೆಂಬ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಬರೆಹವನ್ನು ಬೇರೆಡೆಗೆ ಸಾಗಿಸಬಹುದಿತ್ತು. ‘ಹಿಂಗ ಅನ್ನೂದಿಲ್ರಿ’ ಎನ್ನುವವರು ಜೊತೆಗೆ ಬರುತ್ತಾರೆಂಬ ನೆಚ್ಚಿಕೆ ಇರಲಿಲ್ಲ.

ಉಳಿದ ಇಪ್ಪತ್ತಾರು ಬರೆಹಗಳಲ್ಲಿ ಪದಮಧ್ಯದ ‘ರ್ಯಾ’ ಬಂದಲ್ಲೆಲ್ಲ ಅಜ್ಜಿ ಯಕಾರವನ್ನು ಉಚ್ಚರಿಸಿದ್ದರೋ ಇಲ್ಲವೋ ಹೇಳಲು ನಮ್ಮಿಂದ ಆಗದು. ನೆನಪಿನಿಂದ ತಿದ್ದಬಹುದೆಂದು ಒಮ್ಮೆ ಅನಿಸಿತ್ತು. ಹಾಗೆ ಮಾಡಿದರೆ ಸಂಚಯಕ್ಕೆ ಸೇರುವುದು ಅಜ್ಜಿಯ ಮಾತಲ್ಲ, ನಮ್ಮ ಊಹೆ. ಆ ರೂಪಗಳನ್ನು ಅರ್ಕಾವತ್ತಿನಲ್ಲೇ ಬಿಟ್ಟು, ಪ್ರತಿಯೊಂದರ ಮುಂದೂ ‘ಅನಿಶ್ಚಿತ’ ಎಂದು ಗುರುತು ಹಾಕಿದ್ದೇವೆ. ಬ್ಲಾಗು ಈಗಲೂ ಅದೇ ತಾಣದಲ್ಲಿದೆ. ಆ ಒಂಬತ್ತು ಬರೆಹಗಳನ್ನು ಪ್ರತಿಮಾಡಿಕೊಂಡೆವು. ತಿದ್ದುವ ಪುಟದಲ್ಲಿ ಮಾತ್ರ ತೆರೆದಿಲ್ಲ.